ಸ್ಕ್ಯಾನಿಂಗ್ ಕಲಿಯುವ ಡಾಕ್ಟರಿಗೆ ಯಂತ್ರವೇ ಮಾಸ್ತರ?

ಇಂಡಿ: ಬೆಳಿಗ್ಗೆ ವಿಜಯಪುರದ ಬಸ್ಸಿಗೆ ಕಾದು ನಿಂತವರಲ್ಲಿ ಲಿಂಬಿಕಾಯಿ ವ್ಯಾಪಾರಿಗಳಿರುತ್ತಾರೆ, ಕೋರ್ಟು-ಕಚೇರಿ ಕೆಲಸದವರಿರುತ್ತಾರೆ, ಕಾಲೇಜು ಹುಡುಗರಿರುತ್ತಾರೆ. ಅವರ ನಡುವೆ ಅತ್ತೆಯನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು, ಕೈಚೀಲದಲ್ಲಿ ತಾಯಿ ಕಾರ್ಡು ಮತ್ತು ನೀರಿನ ಬಾಟಲಿ ಇಟ್ಟುಕೊಂಡು ನಿಂತ ಬಸುರಿ ಹೆಣ್ಣುಮಗಳೂ ಇರುತ್ತಾಳೆ. "ಎಲ್ಲಿಗಿ ಹೊಂಟೀರಿ ಯಕ್ಕಾ?" ಅಂದರೆ "ಸ್ಕ್ಯಾನಿಂಗಿಗ್ರೀ" ಎಂಬ ಉತ್ತರ. ಇನ್ನು ಕೆಲವರು ಎದುರು ದಿಕ್ಕಿನ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋಗುತ್ತಾರೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಿಲ್ದಾಣಗಳಲ್ಲೂ ಇದೇ ನೋಟ.

ಟಿಕೇಟಿನ ಚಿಂತೆ ಈಗಿಲ್ಲ. 2023ರ ಜೂನ್ 11ರಿಂದ ರಾಜ್ಯದೊಳಗೆ ಸರಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ. ಆದರೆ ದಿನ ಪುಕ್ಕಟೆ ಅಲ್ಲವಲ್ಲ! ಜೊತೆಗೆ ಬಂದವರ ಕೂಲಿ ಹೋಯಿತು, ಟಂಟಂ ಬಾಡಿಗೆ ಆಯಿತು, ಖಾನಾವಳಿ ಊಟ ಆಯಿತು. ಸರದಿ ಬರುವ ಹೊತ್ತಿಗೆ ಮಧ್ಯಾಹ್ನ. ಒಳಗೆ ಹೋದ ಮೇಲೆ ಹತ್ತು-ಹದಿನೈದು ನಿಮಿಷದ ಕೆಲಸ. ಅದಕ್ಕಾಗಿ ಇಡೀ ದಿನ!

ಹಾಗಂತ ತಾಲೂಕು ಊರುಗಳಲ್ಲಿ ಯಂತ್ರವೇ ಇಲ್ಲವೆಂದಲ್ಲ. ಯಂತ್ರವನ್ನು ರೊಕ್ಕ ಕೊಟ್ಟರೆ ಒಂದು ದಿನದಲ್ಲಿ ತರಬಹುದು. ಅದನ್ನು ಹಿಡಿಯುವ ಕೈ ಮಾತ್ರ ಪೇಟೆಯಲ್ಲಿ ಸಿಗುವುದಿಲ್ಲ. ಅದು ವರ್ಷಗಟ್ಟಲೆ ಪಳಗಬೇಕು. ಪಳಗಿದ ರೇಡಿಯಾಲಜಿಸ್ಟರು ದೊಡ್ಡ ಊರು ಬಿಟ್ಟು ಬರಲು ಒಲ್ಲರು. ಇದು ಇಂಡಿಯ ಕತೆ ಮಾತ್ರವಲ್ಲ, ದೇಶದ ಎಲ್ಲ ತಾಲೂಕುಗಳ ಕತೆ.

ಈ ಕೈಯನ್ನು ಬೇಗ ಪಳಗಿಸಬಹುದೇ? ‘ಎ.ಐ.’ ಎಂದು ಈಗ ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆ, ಕಲಿಯುವ ಡಾಕ್ಟರಿಗೆ ಪಕ್ಕದಲ್ಲಿ ನಿಂತ ಮಾಸ್ತರನಂತೆ ಹೇಳಿಕೊಟ್ಟೀತೇ? ಹೊರದೇಶಗಳಲ್ಲಿ ಈ ಪ್ರಯೋಗ ಸಾಕಷ್ಟು ಮುಂದೆ ಹೋಗಿದೆ. ನಮ್ಮ ದೇಶದಲ್ಲೂ ಒಂದಷ್ಟು ಕೆಲಸ ನಡೆದಿದೆ. ಬಸ್ಸಿಗೆ ಕಾದು ನಿಂತವರಿಗೆ ಅದರಿಂದ ಆಗುವುದೇನು ಎಂಬುದೇ ನೋಡಬೇಕಾದ ಮಾತು.

ಲಿಂಬಿಕಾಯಿ ಕೊಯ್ದಂತೆ

ಮೊದಲು ಸ್ಕ್ಯಾನಿಂಗ್ ಅಂದರೇನು ತಿಳಿಯೋಣ. ಇದು ಎಕ್ಸ್‌ರೇ ಅಲ್ಲ, ಇದರಲ್ಲಿ ವಿಕಿರಣ ಇಲ್ಲ. ಇದು ಬರೀ ಶಬ್ದ. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗಿನ ಶಬ್ದ ಕೇಳಿಸೀತು. ಹೊಟ್ಟೆಯ ಮೇಲೆ ಇಡುವ ಪ್ರೋಬ್ ಹೊರಡಿಸುವುದು ಸೆಕೆಂಡಿಗೆ 20 ಲಕ್ಷದಿಂದ 50 ಲಕ್ಷ ಕಂಪನದ ಶಬ್ದ. ಅದು ಒಳಗೆ ಹೋಗಿ, ಅಂಗಾಂಗಗಳಿಗೆ ಬಡಿದು, ಬಾವಿಯಲ್ಲಿ ಕೂಗಿದರೆ ದನಿ ಮರಳುವಂತೆ ಮರಳುತ್ತದೆ. ಮರಳಲು ಎಷ್ಟು ಹೊತ್ತಾಯಿತು ಎಂಬ ಲೆಕ್ಕದಿಂದ ಯಂತ್ರ ಚಿತ್ರ ಬರೆಯುತ್ತದೆ. ನಡುವೆ ಗಾಳಿ ಇದ್ದರೆ ಶಬ್ದ ದಾಟದು. ಅದಕ್ಕೇ ಆ ತಣ್ಣನೆಯ ಜೆಲ್ ಹಚ್ಚುವುದು. "ನೀರು ಕುಡದು ತಡಕೊಂಡು ಕೂಡ್ರಿ" ಅನ್ನುವುದಕ್ಕೂ ಕಾರಣ ಇದೆ. ತುಂಬಿದ ಮೂತ್ರಕೋಶ ಶಬ್ದಕ್ಕೆ ಕಿಟಕಿ ಇದ್ದ ಹಾಗೆ, ಅದರ ಹಿಂದಿನದು ಚೆನ್ನಾಗಿ ಕಾಣುತ್ತದೆ.

ಇದರ ಹುಟ್ಟೂ ಸ್ವಾರಸ್ಯದ್ದೇ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ಡಾಕ್ಟರಿದ್ದರು. ಬಾಯ್ಲರಿನ ಕಬ್ಬಿಣದಲ್ಲಿ ಬಿರುಕು ಹುಡುಕಲು ಕಾರ್ಖಾನೆಯವರು ಶಬ್ದದ ಯಂತ್ರ ಬಳಸುತ್ತಾರೆಂದು ಅವರಿಗೆ ತಿಳಿಯಿತು. 1955ರಲ್ಲಿ ಆಪರೇಶನ್ ಮಾಡಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಸೀದಾ ಬಾಯ್ಲರ್ ಕಾರ್ಖಾನೆಗೆ ಹೋದರು! ನೀರು ತುಂಬಿದ ಗಡ್ಡೆ, ಗಟ್ಟಿ ಗಡ್ಡೆ ಎರಡೂ ಬೇರೆ ಬೇರೆ ಗುರುತು ತೋರಿಸಿದವು. ಟಾಮ್ ಬ್ರೌನ್ ಎಂಬ ಎಂಜಿನಿಯರ್, ಜಾನ್ ಮ್ಯಾಕ್‌ವಿಕರ್ ಎಂಬ ಡಾಕ್ಟರು ಜೊತೆಗೂಡಿದರು. 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರ ಲೇಖನ ಬಂತು. ಈಗ ಊರೂರಿನಲ್ಲಿರುವ ಹೆರಿಗೆ ಸ್ಕ್ಯಾನಿಂಗಿನ ಹಾದಿ ತೆರೆದದ್ದು ಅಲ್ಲಿಂದ.

ಕಷ್ಟ ಇರುವುದು ಎಲ್ಲಿ? ಪ್ರೋಬಿನಿಂದ ಹೊರಡುವ ಶಬ್ದ ತೆಳ್ಳನೆಯ ಹಾಳೆಯಂತೆ. ಅದು ದೇಹವನ್ನು ಒಂದು ಹೋಳು ಕೊಯ್ದು ತೋರಿಸುತ್ತದೆ, ಅಷ್ಟೇ. ಇಂಡಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಲಿಂಬಿಕಾಯಿ ಅಡ್ಡ ಕೊಯ್ದರೆ ಗಾಲಿಯಂತೆ ತೊಳೆ ಕಾಣುತ್ತವೆ. ಉದ್ದ ಕೊಯ್ದರೆ ಆ ಗಾಲಿ ಎಲ್ಲಿ? ಹಣ್ಣು ಒಂದೇ, ಚಿತ್ರ ಎರಡು. ಹೊಟ್ಟೆಯೊಳಗಿನ ಮೂತ್ರಪಿಂಡ, ಕೂಸಿನ ತಲೆ, ಹೃದಯದ ಕೋಣೆ ಎಲ್ಲವೂ ಹಾಗೆಯೇ. ಪ್ರೋಬ್ ಒಂದು ಬೆರಳಷ್ಟು ಸರಿದರೆ, ಸ್ವಲ್ಪ ಓರೆಯಾದರೆ, ಚೂರು ತಿರುಗಿದರೆ ಬೇರೆಯೇ ಚಿತ್ರ. ಎಲುಬು ಅಡ್ಡ ಬಂದರೆ ಕರಿ ನೆರಳು. ಕರುಳಿನ ಗಾಳಿ ಅಡ್ಡ ಬಂದರೆ ಬರೀ ಮಂಜು. ಪಿತ್ತಕೋಶದಲ್ಲಿ ಹಳ್ಳಿದ್ದರೆ ಅದರ ಹಿಂದೆಯೂ ನೆರಳು. ಯಾವ ನೆರಳು ರೋಗದ್ದು, ಯಾವುದು ಎಲುಬಿನದು ಎಂದು ಕಣ್ಣಿಗೆ ಗೊತ್ತಾಗಬೇಕು, ಗೊತ್ತಾದೊಡನೆ ಕೈ ಸರಿಯಬೇಕು.

ಇದನ್ನು ಪುಸ್ತಕ ಓದಿ ಕಲಿಯಲಾಗದು. ಹಿರಿಯ ಡಾಕ್ಟರು ಪಕ್ಕದಲ್ಲಿ ನಿಂತು, ಕಲಿಯುವವರ ಕೈಮೇಲೆ ಕೈಯಿಟ್ಟು, "ಇಲ್ಲಿ ಅಲ್ಲಪ್ಪಾ, ಮ್ಯಾಲಿಂದ ನೋಡು" ಎಂದು ತಿದ್ದಬೇಕು. ಆದರೆ ಹೊರಗೆ ಸರದಿ ಬಾಗಿಲತನಕ ನಿಂತಿರುವಾಗ ಹಿರಿಯರಿಗೆ ತಿದ್ದುವ ಪುರಸೊತ್ತು ಎಲ್ಲಿಂದ ಬರಬೇಕು? ಕಲಿಯುವವರು ಹಿಂದೆ ನಿಂತು ನೋಡುವುದೇ ಹೆಚ್ಚು.

ಕೈ ತಿದ್ದುವ ಯಂತ್ರ

ಈ ಜಾಗಕ್ಕೇ ಎ.ಐ. ಕಾಲಿಟ್ಟಿದೆ. ಪಳಗಿದವರು ಮಾಡಿದ ಲಕ್ಷಗಟ್ಟಲೆ ಚಿತ್ರಗಳನ್ನು, ಅವರ ಕೈ ಯಾವ ಕಡೆ ಸರಿದಾಗ ಚಿತ್ರ ಹೇಗೆ ಬದಲಾಯಿತು ಎಂಬುದನ್ನು ಕಂಪ್ಯೂಟರಿಗೆ ಉಣಿಸುತ್ತಾರೆ. ಆಮೇಲೆ ಹೊಸಬರು ಪ್ರೋಬ್ ಹಿಡಿದಾಗ ಅದು ಪರದೆಯ ಮೇಲೆ ಹೇಳುತ್ತದೆ: ಎಡಕ್ಕೆ ಸರಿಸು, ಸ್ವಲ್ಪ ತಿರುಗಿಸು, ಹಾಗೇ ಹಿಡಿ. ಚಿತ್ರ ಒಳ್ಳೆಯದಾದಂತೆ ಪಕ್ಕದ ಪಟ್ಟಿ ಮೇಲೇರುತ್ತದೆ. ಸರಿಯಾದ ಚಿತ್ರ ಬಂದೊಡನೆ ಯಂತ್ರ ತಾನೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೃದಯದ ಸ್ಕ್ಯಾನಿಂಗಿಗೆ ಇಂಥ ಮಾರ್ಗದರ್ಶಿ ಸಾಫ್ಟ್‌ವೇರಿಗೆ 2020ರ ಫೆಬ್ರವರಿಯಲ್ಲಿ ಅನುಮತಿ ಕೊಟ್ಟಿತು. ಅದರ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಹಿಂದೆಂದೂ ಈ ಸ್ಕ್ಯಾನ್ ಮಾಡಿ ಗೊತ್ತಿಲ್ಲದ 8 ನರ್ಸುಗಳು 240 ರೋಗಿಗಳ ಹೃದಯದ ಚಿತ್ರ ತೆಗೆದರು. 237 ಜನರ ಚಿತ್ರ ನೋಡಿ ಹೃದಯದ ಎಡಭಾಗದ ಗಾತ್ರ, ಅದರ ಕೆಲಸ, ಸುತ್ತ ನೀರು ತುಂಬಿದೆಯೇ ಎಂದು ಹೇಳಲು ಸಾಧ್ಯವಾಯಿತು. ಬಲಭಾಗದ ಗಾತ್ರ ಹೇಳಲು ಆದದ್ದು 222 ಜನರದು.

ಕಡಿಮೆ ಮಾತೇ? ಅಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಚಿತ್ರ ತೆಗೆದದ್ದು ನರ್ಸುಗಳು, ಓದಿದ್ದು ಹೃದ್ರೋಗ ತಜ್ಞರು. ಯಂತ್ರ ಕೈಗೆ ಹಾದಿ ತೋರಿಸಿತು, ರೋಗ ಏನೆಂಬ ತೀರ್ಪು ಮನುಷ್ಯರದೇ ಆಯಿತು. ಜಾಹೀರಾತಿನವರು ಈ ಮಾತನ್ನು ಸಣ್ಣ ಅಕ್ಷರದಲ್ಲಿ ಹಾಕುತ್ತಾರೆ!

ನಮ್ಮ ರಾಜ್ಯದಲ್ಲಿಯೂ ತಲೆಗಳಿಗೆ ಬರವಿಲ್ಲ. ಕೊರೋನಾ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಫಣೀಂದ್ರ ಯಲವರ್ತಿ ಮತ್ತು ಸಂಗಡಿಗರು ಪುಪ್ಪುಸದ ಸ್ಕ್ಯಾನಿಂಗ್ ಚಿತ್ರ ನೋಡಿ ಸೋಂಕು ಗುರುತಿಸುವ ಹಗುರ ಸಾಫ್ಟ್‌ವೇರ್ ತಯಾರಿಸಿ 2021ರಲ್ಲಿ ಪ್ರಕಟಿಸಿದರು. ದೊಡ್ಡ ಕಂಪ್ಯೂಟರ್ ಬೇಡ, ಸಣ್ಣ ಯಂತ್ರದಲ್ಲೇ ಓಡಬೇಕು ಎಂಬುದು ಅವರ ಗುರಿ. ಕರೆಂಟು ಹೋಗಿ ಬಂದು ಮಾಡುವ ಊರುಗಳಿಗೆ ಬೇಕಾದದ್ದು ಅಂಥದೇ.

ಕಣ್ಣು ಕಟ್ಟಿದ ಸ್ಕ್ಯಾನ್

ಬಸುರಿಯರ ವಿಷಯಕ್ಕೆ ಬರೋಣ. ಕೂಸಿಗೆ ಎಷ್ಟು ವಾರ ಆಯಿತು ಎಂಬುದು ಎಲ್ಲಕ್ಕಿಂತ ಮೊದಲ ಪ್ರಶ್ನೆ. ಮುಟ್ಟು ನಿಂತ ತಾರೀಖು ಎಷ್ಟೋ ಜನರಿಗೆ ನೆನಪಿರುವುದಿಲ್ಲ. "ಬಸವ ಜಯಂತಿ ಮುಂದ ಇತ್ರೀ" ಅಂದರೆ ಡಾಕ್ಟರು ಲೆಕ್ಕ ಹಾಕುವುದು ಹೇಗೆ? ವಾರದ ಲೆಕ್ಕ ತಪ್ಪಿದರೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿದಂತಾಗಬಹುದು, ಇಲ್ಲವೇ ದಿನ ಮೀರಿದ್ದು ತಿಳಿಯದೆ ಹೋಗಬಹುದು. 24 ವಾರದೊಳಗೆ ಒಂದು ಸ್ಕ್ಯಾನ್ ಆಗಲೇಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದು ಇದಕ್ಕಾಗಿ.

ಆಫ್ರಿಕದ ಜಾಂಬಿಯಾ ದೇಶದ ಲುಸಾಕಾದಲ್ಲಿ ಮತ್ತು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ 400 ಬಸುರಿಯರ ಮೇಲೆ ನಡೆದ ಒಂದು ಪರೀಕ್ಷೆ 2024ರಲ್ಲಿ ಪ್ರಕಟವಾಯಿತು. ಸ್ಕ್ಯಾನಿಂಗ್ ತರಬೇತಿ ಇಲ್ಲದವರು, ಬ್ಯಾಟರಿಯಿಂದ ನಡೆಯುವ ಕೈಯಳತೆಯ ಪ್ರೋಬನ್ನು ಹೊಟ್ಟೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಎಳೆದರು. ಚಿತ್ರ ಅರ್ಥ ಮಾಡಿಕೊಳ್ಳುವ ಕೆಲಸವೇ ಅವರಿಗಿಲ್ಲ. ಕಂಪ್ಯೂಟರ್ ವಾರದ ಲೆಕ್ಕ ಹೇಳಿತು. 14ರಿಂದ 27 ವಾರದ ಬಸುರಿಯರಲ್ಲಿ ಅದು ತಪ್ಪಿದ್ದು ಸರಾಸರಿ 3.2 ದಿನ. ಪಳಗಿದವರು ದೊಡ್ಡ ಯಂತ್ರದಲ್ಲಿ ಅಳೆದಾಗ ತಪ್ಪಿದ್ದು 3.0 ದಿನ. ತಕ್ಕಡಿ ಹೆಚ್ಚುಕಡಿಮೆ ಸಮವೇ ನಿಂತಿತು.

ಅಂದ ಹಾಗೆ, ಇಂಥ ಲೆಕ್ಕವನ್ನು ಯಾರ ಕೂಸುಗಳನ್ನು ಅಳೆದು ಕಲಿಸಿದರು ಎಂಬುದೂ ಮುಖ್ಯ. ಕೂಸಿನ ವಾರ ಹೇಳಲು ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಹ್ಯಾಡ್‌ಲಾಕ್ ಸೂತ್ರ 1980ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ತಯಾರಾದದ್ದು. ಅಲ್ಲಿಯ ಕೂಸಿನ ಅಳತೆಯ ಅಂಗಿ ಇಲ್ಲಿಯ ಕೂಸಿಗೆ ಸರಿಹೊಂದೀತೇ? ಮದ್ರಾಸ್ ಐ.ಐ.ಟಿ. ಮತ್ತು ಫರೀದಾಬಾದಿನ ಒಂದು ಸರಕಾರಿ ಸಂಶೋಧನಾ ಸಂಸ್ಥೆ ಸೇರಿ, ಗುರುಗ್ರಾಮದ ಸರಕಾರಿ ದವಾಖಾನೆಗೆ ಬಂದ ಬಸುರಿಯರ ಅಳತೆಯಿಂದ ‘ಗರ್ಭಿಣಿ-ಜಿ.ಎ.2’ ಎಂಬ ಲೆಕ್ಕದ ಮಾದರಿ ತಯಾರಿಸಿ 2024ರ ಫೆಬ್ರವರಿಯಲ್ಲಿ ಪ್ರಕಟಿಸಿದವು. ಹಳೆಯ ಸೂತ್ರಕ್ಕಿಂತ ತಪ್ಪು ಸುಮಾರು ಮೂರು ಪಟ್ಟು ಕಡಿಮೆ ಆಯಿತೆಂದು ಆ ಸಂಸ್ಥೆಗಳು ಹೇಳಿದವು. ನಾಳೆ ಯಾರಾದರೂ ಎ.ಐ. ಯಂತ್ರ ಮಾರಲು ಜಿಲ್ಲೆಗೆ ಬಂದರೆ, "ಇದನ್ನ ಯಾರ ಮ್ಯಾಲ ಕಲಿಸೀರಿ?" ಎಂಬುದು ಮೊದಲ ಪ್ರಶ್ನೆ ಆಗಬೇಕು.

ಇದು ಬಸುರಿಯರಿಗಷ್ಟೇ ಸಂಬಂಧಿಸಿದ್ದೂ ಅಲ್ಲ. ಝಳಕಿ ಕಡೆಯ ಹೆದ್ದಾರಿಯಲ್ಲಿ ಲಾರಿ-ಬೈಕು ಅಪಘಾತವಾದಾಗ ಹೊರಗೆ ರಕ್ತ ಕಾಣದಿದ್ದರೂ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಪ್ರೋಬನ್ನು ನಾಲ್ಕು ಜಾಗದಲ್ಲಿ ಇಟ್ಟು ನೋಡಿದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಯಕೃತ್ತು ಮತ್ತು ಮೂತ್ರಪಿಂಡದ ನಡುವೆ ಕರಿ ಗೆರೆ ಕಂಡರೆ, ಹೊತ್ತುಗಳೆಯದೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ರಾತ್ರಿ ಪಾಳಿಯ ಎಳೆಯ ಡಾಕ್ಟರಿಗೆ ಈ ನಾಲ್ಕು ಜಾಗ ಗುರುತಿಸಲು ಯಂತ್ರ ನೆರವಾದರೆ ಬೇಡ ಅನ್ನುವವರು ಯಾರು?

ಮಗ್ಗಿ ಮರೆತ ಹುಡುಗ

ಬೇಡ ಅನ್ನದಿದ್ದರೂ ಎಚ್ಚರ ಹೇಳುವವರಿದ್ದಾರೆ. ಕ್ಯಾಲ್ಕ್ಯುಲೇಟರ್ ಬಂದ ಮೇಲೆ ಕಿರಾಣಿ ಅಂಗಡಿಯ ಹುಡುಗರು ಮಗ್ಗಿ ಮರೆತದ್ದು ಸಾಹುಕಾರರಿಗೆಲ್ಲ ಗೊತ್ತು. ಡಾಕ್ಟರಿಗೂ ಹಾಗಾದರೆ? ಪೋಲೆಂಡ್ ದೇಶದಲ್ಲಿ ಕರುಳಿನೊಳಗೆ ಕ್ಯಾಮೆರಾ ಹಾಕಿ ಗಂಟು ಹುಡುಕುವ ಅನುಭವಿ ಡಾಕ್ಟರಿಗೆ ಎ.ಐ. ನೆರವು ಕೊಟ್ಟಿದ್ದರು. ಆಮೇಲೆ ಅದೇ ಡಾಕ್ಟರು ಯಂತ್ರದ ನೆರವಿಲ್ಲದೆ ಮಾಡಿದ ಪರೀಕ್ಷೆಗಳನ್ನು ಲೆಕ್ಕ ಹಾಕಿದರು. ಮೊದಲು ನೂರಕ್ಕೆ 28.4 ರೋಗಿಗಳಲ್ಲಿ ಗಂಟು ಕಾಣುತ್ತಿದ್ದವರಿಗೆ ಈಗ 22.4ರಲ್ಲಿ ಮಾತ್ರ ಕಂಡಿತ್ತು. 2025ರಲ್ಲಿ ಪ್ರಕಟವಾದ ವರದಿ ಇದು. ಅದು ಸ್ಕ್ಯಾನಿಂಗ್ ಅಲ್ಲ, ನಿಜ. ಆದರೆ ಪಳಗಿದ ಕಣ್ಣೇ ಹೀಗಾದರೆ, ಇನ್ನೂ ಪಳಗದ ಕಣ್ಣಿನ ಪಾಡೇನು?

ಆದ್ದರಿಂದ ಕಲಿಕೆಯಲ್ಲಿ ಯಂತ್ರವನ್ನು ಸೈಕಲ್ಲಿನ ಹಿಂದೆ ಹಿಡಿದು ಓಡುವ ಅಣ್ಣನಂತೆ ಬಳಸಬೇಕು. ಒಂದು ಹಂತಕ್ಕೆ ಬಿಡಲೇಬೇಕು. ತಿಂಗಳಿಗೊಮ್ಮೆ ಯಂತ್ರದ ಹಸಿರು ಪಟ್ಟಿ ಮುಚ್ಚಿ, ಬರೀ ಕೈ-ಕಣ್ಣಿನಿಂದ ಚಿತ್ರ ತೆಗೆಸಿ ಹಿರಿಯರು ಅಂಕ ಕೊಡಬೇಕು. ಹಾಗೆ ಮಾಡದ ತರಬೇತಿ ತರಬೇತಿಯೇ ಅಲ್ಲ.

ಆಲೆಮನೆಯಲ್ಲಿ ಸ್ಕ್ಯಾನಿಂಗ್!

ಇಷ್ಟು ಒಳ್ಳೆಯದಾದರೆ ಆ ಕೈಯಳತೆಯ ಪ್ರೋಬನ್ನು ಪ್ರತಿ ಹಳ್ಳಿಯ ದವಾಖಾನೆಗೂ ಕೊಡಬಾರದೇಕೆ? ಅಲ್ಲಿಗೆ ಕಾನೂನು ಬಂತು. ಬಂದದ್ದು ಸುಮ್ಮನೆ ಅಲ್ಲ.

2023ರ ಕೊನೆಗೆ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲವನ್ನು ಓದುಗರು ಮರೆತಿರಲಿಕ್ಕಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಬೆಲ್ಲ ತೆಗೆಯುವ ಆಲೆಮನೆಯಲ್ಲಿ ಯಂತ್ರ ಇಟ್ಟು, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ನೋಡುತ್ತಿದ್ದರು. ಹೆಣ್ಣಾದರೆ ಮುಂದಿನದು ಹೇಳುವುದು ಬೇಡ. ಪ್ರಕರಣ ಸಿ.ಐ.ಡಿ.ಗೆ ಹೋಯಿತು. ರಾಜ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡು ಮಕ್ಕಳಿಗೆ 1991ರ ಜನಗಣತಿಯಲ್ಲಿ 960 ಹೆಣ್ಣು ಮಕ್ಕಳಿದ್ದರು, 2001ರಲ್ಲಿ 946, 2011ರಲ್ಲಿ 948. ಕಮ್ಮಿಯಾದ ಹೆಣ್ಣು ಮಕ್ಕಳು ಎಲ್ಲಿ ಹೋದರು?

1994ರ ಕಾಯ್ದೆ 1996ರ ಜನವರಿ 1ರಿಂದ ಜಾರಿಗೆ ಬಂತು, 2003ರಲ್ಲಿ ಬಿಗಿಯಾಯಿತು. ಸ್ಕ್ಯಾನಿಂಗ್ ಯಂತ್ರ ಇರುವ ಕೇಂದ್ರ ನೋಂದಣಿ ಮಾಡಿಸಲೇಬೇಕು. ನೋಂದಣಿ ಇಲ್ಲದವರಿಗೆ ಯಂತ್ರ ಮಾರುವಂತಿಲ್ಲ. ಪ್ರತಿ ಬಸುರಿಯ ಸ್ಕ್ಯಾನಿಗೂ ‘ಎಫ್’ ಫಾರ್ಮು ತುಂಬಬೇಕು. ಲಿಂಗ ಹೇಳಿದ ಡಾಕ್ಟರಿಗೆ ಮೊದಲ ಸಲ ಮೂರು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಕೇಳಲು ಹೋದವರಿಗೂ ಮೂರು ವರ್ಷದವರೆಗೆ ಜೈಲು, 50,000ದವರೆಗೆ ದಂಡ. 2012ರ ತಿದ್ದುಪಡಿಯಿಂದ ಒಬ್ಬ ಡಾಕ್ಟರು ಒಂದು ಜಿಲ್ಲೆಯಲ್ಲಿ ಎರಡಕ್ಕಿಂತ ಹೆಚ್ಚು ಕೇಂದ್ರಗಳಲ್ಲಿ ಸ್ಕ್ಯಾನಿಂಗ್ ಮಾಡುವಂತಿಲ್ಲ. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಬುಧವಾರ ಮುದ್ದೇಬಿಹಾಳ ಎಂದು ಸಂತೆಯಂತೆ ಸುತ್ತಲು ಆಗದು. ಅದೇ ವರ್ಷ ಹೊತ್ತೊಯ್ಯುವ ಯಂತ್ರಗಳಿಗೂ ಕಡಿವಾಣ ಬಿತ್ತು. ನೋಂದಣಿಯಾದ ಆಸ್ಪತ್ರೆಯ ಒಳರೋಗಿಗಳಿಗೆ, ಇಲ್ಲವೇ ಬೇರೆ ಸೌಲಭ್ಯಗಳೂ ಇರುವ ಸಂಚಾರಿ ದವಾಖಾನೆಯಲ್ಲಿ ಮಾತ್ರ ಅವುಗಳ ಬಳಕೆ.

ಈ ಬಿಗಿಯಿಂದ ಸರದಿ ಉದ್ದವಾದದ್ದೂ ಖರೆ. ಆದರೆ ಕಿಸೆಯಲ್ಲಿ ಹಿಡಿಯುವ ಪ್ರೋಬ್, ಜೊತೆಗೆ ಯಾರ ಕೈಯನ್ನಾದರೂ ತಿದ್ದುವ ಎ.ಐ. ಎರಡೂ ಲಗಾಮಿಲ್ಲದೆ ಪೇಟೆಗೆ ಬಿದ್ದರೆ ಆಲೆಮನೆಗಳು ಎಷ್ಟಾಗುತ್ತವೋ! ಕಾನೂನು ಸಡಿಲಿಸಿ ಎಂದು ಕೂಗುವವರು ಈ ಪ್ರಶ್ನೆಗೆ ಮೊದಲು ಉತ್ತರ ಕೊಡಲಿ.

ಉಪಾಯ ಇಲ್ಲವೇ? ಜಾಂಬಿಯಾದ ಪ್ರಯೋಗದಲ್ಲೇ ಒಂದು ಎಳೆ ಇದೆ. ಅಲ್ಲಿ ಪ್ರೋಬ್ ಎಳೆದವರಿಗೆ ಚಿತ್ರದ ಅಗತ್ಯವೇ ಬೀಳಲಿಲ್ಲ. ಹಾಗಿದ್ದ ಮೇಲೆ ಪರದೆಯ ಮೇಲೆ ಚಿತ್ರವನ್ನೇ ತೋರಿಸದೆ, ವಾರ ಎಷ್ಟು, ಕೂಸು ಒಂದೋ ಎರಡೋ, ತಲೆ ಕೆಳಗಿದೆಯೋ ಇಲ್ಲವೋ ಎಂಬಷ್ಟನ್ನೇ ಹೇಳುವ ಯಂತ್ರ ಮಾಡಿದರೆ? ಕಾಣದ್ದನ್ನು ಹೇಳುವಂತಿಲ್ಲ, ಮಾರುವಂತೆಯೂ ಇಲ್ಲ. ಇಂಥ ಯಂತ್ರಕ್ಕೆ ಬೇರೆ ನಿಯಮ ಮಾಡಬಹುದೇ ಎಂದು ದಿಲ್ಲಿಯವರು ತಲೆ ಕೆಡಿಸಿಕೊಳ್ಳಬೇಕಾದ ಹೊತ್ತು ಇದು.

ಜಿಲ್ಲೆಯಲ್ಲಿ ಆಗಬಹುದಾದದ್ದು

ದಿಲ್ಲಿ ದೂರ. ವಿಜಯಪುರ ಹತ್ತಿರ. ಅಲ್ಲಿ 1984ರ ಅಲ್-ಅಮೀನ್, 1986ರ ಬಿ.ಎಲ್.ಡಿ.ಇ. ಎಂದು ಎರಡು ಖಾಸಗಿ ಮೆಡಿಕಲ್ ಕಾಲೇಜುಗಳಿವೆ. ಸರಕಾರಿ ಕಾಲೇಜು ಬೇಕೆಂದು 2025ರಲ್ಲಿ ದಿನಗಟ್ಟಲೆ ಧರಣಿಯೂ ನಡೆಯಿತು. ಪಿ.ಜಿ. ಓದುವ ಡಾಕ್ಟರು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕೆಂದು 2020ರಲ್ಲಿ ನಿಯಮ ಬಂದಿದೆ. ಅಂದರೆ ಕಲಿಯುವ ಕೈಗಳಿಗೆ ಈ ಜಿಲ್ಲೆಯಲ್ಲಿ ಕೊರತೆ ಇಲ್ಲ. ಕಲಿಸುವ ಪುರಸೊತ್ತಿನದೇ ಕೊರತೆ. ರಬ್ಬರಿನ ಹೊಟ್ಟೆಯ ಗೊಂಬೆ, ಅದರ ಮೇಲೆ ಕೈ ತಿದ್ದುವ ಸಾಫ್ಟ್‌ವೇರ್ ಇಟ್ಟರೆ ನಡುರಾತ್ರಿ ಬೇಕಾದರೂ ಕಲಿಯಬಹುದು. ಗೊಂಬೆಗೆ ನೋವಾಗದು, ಸರದಿಯೂ ನಿಲ್ಲದು. ಗೊಂಬೆಯ ಮೇಲೆ ಕೈ ಕೂತ ಮೇಲೆಯೇ ಮನುಷ್ಯರ ಹೊಟ್ಟೆ ಮುಟ್ಟಲಿ. ಹೊಸ ಕಾಲೇಜು ಕೇಳುವವರು ಕಟ್ಟಡದ ಜೊತೆಗೆ ಇದನ್ನೂ ಕೇಳಲಿ.

ಹಾಗೆ ಪಳಗಿದವರು ತಾಲೂಕಿಗೆ ಬರಲೂ ಹಾದಿ ಇದೆ. ಎಂ.ಬಿ.ಬಿ.ಎಸ್. ಮಾಡಿದ ಡಾಕ್ಟರು ಆರು ತಿಂಗಳ ತರಬೇತಿ ಪಡೆದು ಪರೀಕ್ಷೆ ಪಾಸಾದರೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಬಹುದು. ರೇಡಿಯಾಲಜಿಸ್ಟರೇ ಆಗಬೇಕೆಂದಿಲ್ಲ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಯೋಜನೆಯಲ್ಲಿ ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ದವಾಖಾನೆಗಳಲ್ಲಿ ಬಸುರಿಯರ ತಪಾಸಣೆ ಪುಕ್ಕಟೆ. ಅಂದು ತಾಲೂಕಿನಲ್ಲೇ ಒಬ್ಬ ತರಬೇತಾದ ಡಾಕ್ಟರಿದ್ದರೆ ಎಷ್ಟೋ ಜನ ಬೆಳಗಿನ ಬಸ್ಸು ಹತ್ತಬೇಕಿಲ್ಲ.

ಆ ಆರು ತಿಂಗಳ ತರಬೇತಿಯ ನಿಯಮ ಬಂದದ್ದು 2014ರಲ್ಲಿ. ಒಟ್ಟು 300 ಗಂಟೆ ಎಂದು ಅದರಲ್ಲಿ ಬರೆದಿದೆ. ಅದರಲ್ಲಿ ಎಷ್ಟು ಗಂಟೆ ಎ.ಐ. ಮಾಸ್ತರನ ಕೈಕೆಳಗೆ, ಎಷ್ಟು ಗಂಟೆ ಅದನ್ನು ಬಂದ್ ಮಾಡಿ ಎಂಬುದು ಅದರಲ್ಲಿಲ್ಲ. ಆಗ ಆ ಮಾಸ್ತರ ಇನ್ನೂ ಪೇಟೆಗೆ ಬಂದಿರಲಿಲ್ಲ.